ಗೋಡೆ ತೆಳುವಾದರೆ ಎಲೆಕ್ಟ್ರಾನ್ ಏನು ಮಾಡುತ್ತದೆ?

ಓದುಗರ ಪ್ರಶ್ನೆ – ವಿಜ್ಞಾನದ ಉತ್ತರ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ, ಅರೆವಾಹಕದೊಳಗೆ (ಸೆಮಿಕಂಡಕ್ಟರ್) ಎಲೆಕ್ಟ್ರಾನುಗಳನ್ನು ಕೆಲವು ನ್ಯಾನೊಮೀಟರುಗಳ ಜಾಗದಲ್ಲಿ ಕೂಡಿಹಾಕಿದರೆ ಅವು ಮನೆಯ ತಂತಿಯಲ್ಲಿ ಹರಿಯುವ ವಿದ್ಯುತ್ತಿನಂತೆ ವರ್ತಿಸುವುದಿಲ್ಲ ಎಂದು ನಾಲ್ಕು ಸಾಲು ಬರೆದಿದ್ದೆ. ಆ ನಾಲ್ಕು ಸಾಲಿಗೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಓದಿ ಬಹಳ ಸಂತೋಷವಾಯಿತು. ಅವುಗಳಲ್ಲಿ ಆರನ್ನು ಆರಿಸಿದ್ದೇನೆ. ಹಿಂದಿನ ಉತ್ತರ ಮುಂದಿನದಕ್ಕೆ ಬೇಕಾಗುವುದರಿಂದ ಕ್ರಮವಾಗಿ ಓದುವುದು ಒಳ್ಳೆಯದು.

ಪ್ರಶ್ನೆ: ಎಲೆಕ್ಟ್ರಾನುಗಳು ಹರಿಯುವಾಗ ಡಿಕ್ಕಿ ಹೊಡೆಯುವುದರಿಂದ ರೋಧ ಉಂಟಾಗುತ್ತದೆ ಎಂದು ನಮಗೆ ಪಾಠವಾಗಿದೆ. ಆದರೆ ನ್ಯಾನೊ ಗಾತ್ರದ ಸಾಧನಗಳಲ್ಲಿ ಎಲೆಕ್ಟ್ರಾನ್ ಎಲ್ಲಿಯೂ ಡಿಕ್ಕಿ ಹೊಡೆಯದೆ ದಾಟಿದರೂ ರೋಧ ಸೊನ್ನೆಯಾಗುವುದಿಲ್ಲ ಎಂದು ಓದಿದೆ. ಡಿಕ್ಕಿಯೇ ಇಲ್ಲದ ಮೇಲೆ ರೋಧ ಎಲ್ಲಿಂದ ಬಂತು, ಸರ್?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನಿಮ್ಮ ಪಾಠ ತಪ್ಪಲ್ಲ, ಅದು ತಾಮ್ರದ ತಂತಿಗೆ ಸರಿಯಾಗಿಯೇ ಹೊಂದುತ್ತದೆ. ಕೋಣೆಯ ಉಷ್ಣತೆಯಲ್ಲಿ ತಾಮ್ರದೊಳಗಿನ ಎಲೆಕ್ಟ್ರಾನ್ ಸರಾಸರಿ 40 ನ್ಯಾನೊಮೀಟರ್ ಸಾಗುವಷ್ಟರಲ್ಲಿ ಪರಮಾಣುಗಳ ಕಂಪನಕ್ಕೋ ಹರಳಿನಲ್ಲಿರುವ ದೋಷಕ್ಕೋ ಸಿಕ್ಕಿ ದಿಕ್ಕು ಬದಲಿಸುತ್ತದೆ. ಗ್ಯಾಲಿಯಂ ಆರ್ಸೆನೈಡ್ ಮತ್ತು ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಎಂಬ ಎರಡು ಅರೆವಾಹಕಗಳ ಸಂಗತಿಯೇ ಬೇರೆ. ಇವೆರಡರ ಹರಳುಗಳಲ್ಲಿ ಪರಮಾಣುಗಳ ಅಂತರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು ಒಂದು ಪರಮಾಣು ಪದರದಷ್ಟು ನಿಧಾನವಾಗಿ ಒಂದರ ಮೇಲೊಂದನ್ನು ಬೆಳೆಸಿದರೆ, ನಡುವಿನ ಗಡಿ ಕನ್ನಡಿಯಂತೆ ನಯವಾಗಿ ಬರುತ್ತದೆ. ಎಲೆಕ್ಟ್ರಾನುಗಳನ್ನು ಕೊಡುವ ಬೆರಕೆ ಪರಮಾಣುಗಳನ್ನು ಗಡಿಯಿಂದ ದೂರದ ಪದರದಲ್ಲಿಟ್ಟು, ಎಲೆಕ್ಟ್ರಾನುಗಳು ಮಾತ್ರ ಗಡಿಗೆ ಬಂದು ನಿಲ್ಲುವಂತೆ ಮಾಡುವ ಉಪಾಯವನ್ನು 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದರು. ಆ ತೆಳು ಹಾಳೆಯಲ್ಲಿ, ಚೆನ್ನಾಗಿ ತಂಪು ಮಾಡಿದಾಗ, ಎಲೆಕ್ಟ್ರಾನ್ ಹಲವು ಮೈಕ್ರೊಮೀಟರ್ ದೂರವನ್ನು ಅಡ್ಡಿಯಿಲ್ಲದೆ ಸಾಗುತ್ತದೆ. ಸಾಧನದ ಉದ್ದ ಅದಕ್ಕಿಂತ ಕಡಿಮೆಯಿದ್ದರೆ ದಾರಿಯಲ್ಲಿ ಡಿಕ್ಕಿಯ ಮಾತೇ ಇಲ್ಲ.

ಈಗ ಆ ಹಾಳೆಯ ಮೇಲ್ಗಡೆ, ನಡುವೆ ಸಣ್ಣ ಸಂದು ಬಿಟ್ಟು, ಎರಡು ಲೋಹದ ಪಟ್ಟಿಗಳನ್ನು ಕೂರಿಸಿ ಅವಕ್ಕೆ ಋಣ ವೋಲ್ಟೇಜ್ ಕೊಟ್ಟೆವೆನ್ನಿ. ಪಟ್ಟಿಗಳ ಕೆಳಗಿನ ಎಲೆಕ್ಟ್ರಾನುಗಳು ದೂರ ಸರಿದು, ಸಂದಿನ ಕೆಳಗೆ ಮಾತ್ರ ಒಂದು ಕಿರಿದಾದ ದಾರಿ ಉಳಿಯುತ್ತದೆ. ಕೆರೆಯ ತೂಬಿನ ಹಲಗೆಯನ್ನು ಏರಿಸಿ ಇಳಿಸಿದಂತೆ ವೋಲ್ಟೇಜನ್ನು ಬದಲಿಸಿ ಈ ದಾರಿಯ ಅಗಲವನ್ನು ಹೆಚ್ಚು ಕಡಿಮೆ ಮಾಡಬಹುದು. ಹಲಗೆ ಏರಿದಂತೆಲ್ಲ ತೂಬಿನ ನೀರು ನಯವಾಗಿ ಹೆಚ್ಚುತ್ತದೆ. ಎಲೆಕ್ಟ್ರಾನಿನ ತೂಬು ಹಾಗಲ್ಲ. 1988ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್–ಫಿಲಿಪ್ಸ್ ತಂಡ ಮತ್ತು ಇಂಗ್ಲೆಂಡಿನ ಕೇಂಬ್ರಿಜ್ ತಂಡ, ಒಂದರಿಂದೊಂದು ಸ್ವತಂತ್ರವಾಗಿ ಕೆಲಸ ಮಾಡಿ, ಅಗಲ ಹೆಚ್ಚಿದಂತೆ ವಾಹಕತೆ (ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬ ಅಳತೆ, ರೋಧದ ವಿಲೋಮ) ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಕಂಡವು. ಎಲೆಕ್ಟ್ರಾನ್ ಅಲೆಯೂ ಹೌದು, ಈ ಹಾಳೆಯಲ್ಲಿ ಅದರ ತರಂಗದೂರ ಸುಮಾರು 40 ನ್ಯಾನೊಮೀಟರ್. ದಾರಿಯ ಅಗಲದಲ್ಲಿ ಅರ್ಧ ತರಂಗ ಹಿಡಿಸಿದರೆ ಒಂದು ಸಾಲು ಹೋಗಬಹುದು, ಎರಡು ಅರ್ಧ ತರಂಗ ಹಿಡಿಸಿದರೆ ಎರಡು ಸಾಲು. ಒಂದೂವರೆ ಸಾಲು ಎಂಬುದಿಲ್ಲ.

ನನಗೆ ಇದರಲ್ಲಿ ಅತ್ಯಂತ ಸುಂದರವಾಗಿ ಕಾಣುವುದು, ಪ್ರತಿಯೊಂದು ಸಾಲೂ ತರುವ ವಾಹಕತೆ ಒಂದೇ ಎಂಬ ಸಂಗತಿ. ಒಂದು ಸಾಲಿನ ಎಲೆಕ್ಟ್ರಾನುಗಳು ವೇಗವಾಗಿ ಓಡುತ್ತಿರಬಹುದು, ಇನ್ನೊಂದರವು ನಿಧಾನವಾಗಿ ನಡೆಯುತ್ತಿರಬಹುದು. ಹಾಗಿದ್ದೂ ಲೆಕ್ಕ ಸಮವಾಗುವುದು ಹೇಗೆ? ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲಿ ನಿಂತು ವಾಹನಗಳನ್ನು ಎಣಿಸುತ್ತಿದ್ದೀರಿ ಎಂದುಕೊಳ್ಳಿ. ಒಂದು ಸಾಲಿನ ಕಾರುಗಳು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, 50 ಮೀಟರಿಗೊಂದರಂತೆ ಬರುತ್ತಿವೆ. ಇನ್ನೊಂದು ಸಾಲಿನವು 90 ಕಿಲೋಮೀಟರ್ ವೇಗದಲ್ಲಿ, 75 ಮೀಟರಿಗೊಂದರಂತೆ ಬರುತ್ತಿವೆ. ಎರಡರಲ್ಲೂ ನಿಮ್ಮ ಮುಂದೆ ನಿಮಿಷಕ್ಕೆ ಹಾದುಹೋಗುವ ಕಾರುಗಳು ಇಪ್ಪತ್ತೇ. ಒಂದೇ ಆಯಾಮದ ದಾರಿಯಲ್ಲಿ ಎಲೆಕ್ಟ್ರಾನುಗಳ ಸ್ಥಿತಿಗಳು ಇರುವುದು ಸರಿಯಾಗಿ ಹೀಗೆಯೇ: ವೇಗ ಎಷ್ಟು ಪಟ್ಟು ಹೆಚ್ಚೋ ಸಾಂದ್ರತೆ ಅಷ್ಟೇ ಪಟ್ಟು ಕಡಿಮೆ. ವಸ್ತು ಯಾವುದು, ದಾರಿ ಎಷ್ಟು ಉದ್ದ, ಎಲೆಕ್ಟ್ರಾನಿನ ವೇಗ ಎಷ್ಟು ಎಂಬ ವಿವರಗಳೆಲ್ಲ ಲೆಕ್ಕದಿಂದ ಬಿದ್ದುಹೋಗಿ, ಎಲೆಕ್ಟ್ರಾನಿನ ಆವೇಶ ಮತ್ತು ಕ್ವಾಂಟಮ್ ಲೆಕ್ಕಗಳ ಮೂಲ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕ ಎರಡೇ ಉಳಿಯುತ್ತವೆ. ಎಲೆಕ್ಟ್ರಾನನ್ನು ಪುಟ್ಟ ಕಾಂತದಂತೆ ಮಾಡುವ ಸ್ಪಿನ್ ಎಂಬ ಗುಣದ ಎರಡು ದಿಕ್ಕುಗಳನ್ನೂ ಸೇರಿಸಿದರೆ ಒಂದು ಸಾಲಿನ ರೋಧ ಸುಮಾರು 12,906 ಓಮ್, ಎರಡು ಸಾಲಿದ್ದರೆ 6,453, ಮೂರಿದ್ದರೆ 4,302.

ಹಾಗಾದರೆ ಆ 12,906 ಓಮ್ ಇರುವುದು ಎಲ್ಲಿ? ದಾರಿಯೊಳಗಲ್ಲ, ದಾರಿಯ ಬಾಯಿಯಲ್ಲಿ. ಹೊರಗಿನ ವಿಶಾಲವಾದ ಅರೆವಾಹಕದಲ್ಲಿ ಸಾವಿರಾರು ಸಾಲುಗಳಲ್ಲಿ ಬರುವ ಎಲೆಕ್ಟ್ರಾನುಗಳಲ್ಲಿ ಕೆಲವೇ ಸಾಲುಗಳಿಗೆ ಒಳಗೆ ಜಾಗವಿದೆ. ಮಿಕ್ಕವು ಬಾಯಿಯಿಂದಲೇ ಹಿಂದಕ್ಕೆ ಮರಳುತ್ತವೆ. ವಿದ್ಯುತ್ ಹರಿವನ್ನು ಹೀಗೆ ದಾಟುವಿಕೆಯ ಲೆಕ್ಕವಾಗಿ ನೋಡಬೇಕೆಂದು ಭೌತವಿಜ್ಞಾನಿ ರೋಲ್ಫ್ ಲ್ಯಾಂಡವರ್ 1957ರಲ್ಲಿಯೇ ಹೇಳಿದ್ದರು. ಶಾಖ ಎಲ್ಲಿ ಹುಟ್ಟುತ್ತದೆ ಎಂದು ನೀವು ಮುಂದೆ ಕೇಳುವುದು ನ್ಯಾಯ. ಅದೂ ದಾರಿಯೊಳಗಲ್ಲ: ದಾಟಿ ಬಂದ ಎಲೆಕ್ಟ್ರಾನ್ ತನ್ನಲ್ಲಿರುವ ಹೆಚ್ಚುವರಿ ಶಕ್ತಿಯನ್ನು ಆಚೆ ಬದಿಯ ವಿಶಾಲ ಭಾಗದಲ್ಲಿ ಅಲ್ಲಲ್ಲಿ ಡಿಕ್ಕಿ ಹೊಡೆದು ಕಳೆದುಕೊಳ್ಳುತ್ತದೆ.

ಪ್ರಶ್ನೆ: ‘ಟನಲಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಸುರಂಗ ಕೊರೆಯುವಿಕೆ ಎಂದು ಬರೆದಿರುವುದನ್ನು ನೋಡಿದೆ. ಎಲೆಕ್ಟ್ರಾನ್ ನಿಜವಾಗಿಯೂ ಗೋಡೆಯನ್ನು ಕೊರೆಯುತ್ತದೆಯೆ?
– ಪ್ರೌಢಶಾಲೆಯ ಶಿಕ್ಷಕರು, ಪಾಂಡವಪುರ

ಉತ್ತರ: ಇಲ್ಲ. ನಿಮ್ಮ ಊರಿನ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗ ಗೊತ್ತಿರುತ್ತದೆ. ಅಲ್ಲಿ ಬಂಡೆಯನ್ನು ಕೊರೆದು ತೆಗೆದಿದ್ದಾರೆ, ನೀರು ಹೋಗುವುದು ಖಾಲಿಯಾದ ಜಾಗದಲ್ಲಿ. ಎಲೆಕ್ಟ್ರಾನ್ ದಾಟಿದ ಮೇಲೆ ಗೋಡೆ ಹೇಗಿತ್ತೋ ಹಾಗೆಯೇ ಇರುತ್ತದೆ. ಎಲೆಕ್ಟ್ರಾನಿನ ಅಲೆ ಗೋಡೆಯ ಮೈಗೆ ಬಂದಾಗ ಅಲ್ಲಿಯೇ ಕಡಿದುಹೋಗದೆ, ಒಳಗೆ ಹೋದಂತೆಲ್ಲ ಕ್ಷೀಣಿಸುತ್ತದೆ. ಅದು ಪೂರ್ತಿ ಕ್ಷೀಣಿಸುವ ಮೊದಲೇ ಗೋಡೆ ಮುಗಿದರೆ, ಉಳಿದ ಅಲೆ ಆಚೆ ಬದಿಯಲ್ಲಿ ಮುಂದುವರಿಯುತ್ತದೆ. ಗದ್ದೆಯ ಬದು ದಾಟಿ ಪಕ್ಕದ ಮಡಿಗೆ ಬಸಿಯುವ ನೀರು ಇದಕ್ಕೆ ಸ್ವಲ್ಪ ಹತ್ತಿರದ ಚಿತ್ರ. ಆದರೂ ಬಸಿಯುವ ನೀರಿಗೆ ಮಣ್ಣಿನಲ್ಲಿ ಸಣ್ಣ ರಂಧ್ರಗಳಿವೆ, ಇಲ್ಲಿ ಅವೂ ಇಲ್ಲ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ‘ಸುರಂಗ’ ಎಂಬ ಮಾತು ತಪ್ಪು ಚಿತ್ರವನ್ನು ಕೊಡುವುದರಿಂದ ನಾನು ಟನಲಿಂಗ್ ಎಂದೇ ಬರೆಯುತ್ತೇನೆ.

ಇಲ್ಲಿ ನೆನಪಿಡಬೇಕಾದದ್ದು ದಪ್ಪದ ಲೆಕ್ಕ. ಗ್ಯಾಲಿಯಂ ಆರ್ಸೆನೈಡಿನ ಎರಡು ಪದರಗಳ ನಡುವೆ ಸುಮಾರು 0.3 ಎಲೆಕ್ಟ್ರಾನ್‌ವೋಲ್ಟ್ (ಒಂದು ವೋಲ್ಟ್ ವ್ಯತ್ಯಾಸವನ್ನು ದಾಟುವ ಎಲೆಕ್ಟ್ರಾನ್ ಪಡೆಯುವ ಶಕ್ತಿಯೇ ಒಂದು ಎಲೆಕ್ಟ್ರಾನ್‌ವೋಲ್ಟ್) ಎತ್ತರದ ತಡೆಗೋಡೆ ಇದ್ದರೆ, ಅದರ ದಪ್ಪ ಒಂದು ನ್ಯಾನೊಮೀಟರ್ ಹೆಚ್ಚಿದಾಗಲೆಲ್ಲ ದಾಟುವ ಸಂಭವ ಸುಮಾರು ಐದು ಪಟ್ಟು ಕುಸಿಯುತ್ತದೆ. ಐದು ನ್ಯಾನೊಮೀಟರ್ ಹೆಚ್ಚಿಸಿದರೆ ಸಾವಿರಾರು ಪಟ್ಟು. ಮುಂದಿನ ಎಲ್ಲ ಉತ್ತರಗಳೂ ಈ ಒಂದು ಮಾತಿನ ಮೇಲೆ ನಿಂತಿವೆ: ಎಲೆಕ್ಟ್ರಾನನ್ನು ಎಣಿಸಬಹುದಾದ ಕಣದಂತೆ ಕಾಣುತ್ತೇವೆಯೋ ಹರಡಿಕೊಂಡ ಅಲೆಯಂತೆ ಕಾಣುತ್ತೇವೆಯೋ ಎಂಬುದನ್ನು ತೀರ್ಮಾನಿಸುವುದು ಅದರ ಜಾಗಕ್ಕೂ ಹೊರಗಿಗೂ ನಡುವಿನ ಗೋಡೆ ಎಷ್ಟು ತೆಳುವಾಗಿದೆ ಎಂಬುದೇ.

ಪ್ರಶ್ನೆ: ನಾನು ದಿನವೂ ಫ್ಯಾನುಗಳ ಕಂಡೆನ್ಸರ್ ಬದಲಿಸುವವನು. ಒಂದು ಎಲೆಕ್ಟ್ರಾನ್ ಒಳಗಿದ್ದರೆ ಇನ್ನೊಂದು ಬರುವುದಕ್ಕೇ ಆಗುವುದಿಲ್ಲ ಎಂದು ನೀವು ಬರೆದದ್ದನ್ನು ಹೇಗೆ ನಂಬುವುದು? ಕಂಡೆನ್ಸರಿಗೆ ಎಷ್ಟು ಬೇಕಾದರೂ ತುಂಬುತ್ತದಲ್ಲ?
– ಎಲೆಕ್ಟ್ರಿಷಿಯನ್, ಮದ್ದೂರು

ಉತ್ತರ: ನಿಮ್ಮ ಕಂಡೆನ್ಸರಿನಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ಸಂದೇಹಕ್ಕೆ ಉತ್ತರ ಅದರ ಮೈಮೇಲೆಯೇ ಅಚ್ಚಾಗಿದೆ. ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ ಹಾಕುವುದು 2.5 ಮೈಕ್ರೊಫ್ಯಾರಡ್ ಕಂಡೆನ್ಸರ್. ಅದಕ್ಕೆ ಒಂದೇ ಒಂದು ಎಲೆಕ್ಟ್ರಾನ್ ಸೇರಿಸಿದರೆ ವೋಲ್ಟೇಜ್ ಎಷ್ಟು ಏರುತ್ತದೆ? ಎಲೆಕ್ಟ್ರಾನಿನ ಆವೇಶವನ್ನು ಫ್ಯಾರಡಿನಿಂದ ಭಾಗಿಸಿದರೆ, ಒಂದು ವೋಲ್ಟಿನ ಲಕ್ಷ ಕೋಟಿ ಭಾಗದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಬರುತ್ತದೆ. ಯಾವ ಮೀಟರಿಗೂ ಅದು ಕಾಣುವುದಿಲ್ಲ. ಆದ್ದರಿಂದ ಎಷ್ಟು ಬೇಕಾದರೂ ತುಂಬುತ್ತದೆ ಎಂಬ ನಿಮ್ಮ ಅನುಭವ ಸರಿ.

ಈಗ ಮೊದಲ ಉತ್ತರದ ತೂಬುಗಳನ್ನು ನೆನಪಿಸಿಕೊಳ್ಳಿ. ಅಂಥ ಎರಡು ತೂಬುಗಳನ್ನು ಒಂದರ ಮುಂದೊಂದು ಇಟ್ಟು, ಎರಡನ್ನೂ ಕೊನೆಯ ಸಾಲೂ ನಿಲ್ಲುವಷ್ಟು ಬಿಗಿ ಮಾಡಿದರೆ, ನಡುವೆ ನೂರಾರು ನ್ಯಾನೊಮೀಟರ್ ಅಗಲದ ಒಂದು ಪುಟ್ಟ ಮಡಿ ಉಳಿಯುತ್ತದೆ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಟನಲಿಂಗ್ ಒಂದೇ ಮಾರ್ಗ. ಇದನ್ನೇ ಕ್ವಾಂಟಮ್ ಚುಕ್ಕೆ ಎನ್ನುತ್ತಾರೆ. ಇದೂ ಒಂದು ಕಂಡೆನ್ಸರೇ, ಆದರೆ ಇದರ ಧಾರಕತೆ ಸುಮಾರು 100 ಅಟೊಫ್ಯಾರಡ್, ಅಂದರೆ ನಿಮ್ಮ ಫ್ಯಾನಿನದಕ್ಕಿಂತ 2,500 ಕೋಟಿ ಪಟ್ಟು ಚಿಕ್ಕದು. ಇಲ್ಲಿ ಒಂದು ಎಲೆಕ್ಟ್ರಾನ್ ಸೇರಿದರೆ ವೋಲ್ಟೇಜ್ ಏರುವುದು 1.6 ಮಿಲಿವೋಲ್ಟ್. ಅದು ಸಾಧಾರಣ ಮೀಟರಿಗೂ ಸಿಗುವ ಅಳತೆ. ಒಳಗಿರುವ ಎಲೆಕ್ಟ್ರಾನ್ ಹೊರಗಿನದನ್ನು ವಿಕರ್ಷಿಸುತ್ತದೆ. ಹೊರಗಿನದರ ಬಳಿ ಆ 1.6 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇಲ್ಲದಿದ್ದರೆ ಅದು ಒಳಗೆ ಬರುವಂತಿಲ್ಲ, ಹರಿವು ನಿಂತುಹೋಗುತ್ತದೆ. ಕೂಲಂಬ್ ತಡೆ ಎಂದು ಇದರ ಹೆಸರು.

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುವ ಗಾಡಿಗಳನ್ನು ನೀವು ನೋಡಿರುತ್ತೀರಿ. ತೂಕದ ಕಟ್ಟೆಯ ಮೇಲೆ ಒಂದು ಗಾಡಿ ಇರುವವರೆಗೆ ಇನ್ನೊಂದು ಹತ್ತುವಂತಿಲ್ಲ. ಅದು ಇಳಿದರೆ ಇದು ಹತ್ತುತ್ತದೆ. ಅಲ್ಲಿ ತಡೆಯುವುದಕ್ಕೆ ಒಬ್ಬ ಕಾವಲುಗಾರ ಬೇಕು. ಇಲ್ಲಿ ಒಳಗಿರುವ ಎಲೆಕ್ಟ್ರಾನೇ ಕಾವಲುಗಾರ. ಚುಕ್ಕೆಯ ಪಕ್ಕದಲ್ಲಿರುವ ಇನ್ನೊಂದು ಲೋಹದ ಪಟ್ಟಿಯ ವೋಲ್ಟೇಜನ್ನು ನಿಧಾನವಾಗಿ ಬದಲಿಸುತ್ತ ಹೋದರೆ, ಹೊಸ ಎಲೆಕ್ಟ್ರಾನಿಗೆ ಬೇಕಾದ ಶಕ್ತಿ ಸರಿಹೊಂದುವ ಕ್ಷಣದಲ್ಲಿ ಮಾತ್ರ ಹರಿವು ಏರಿ ಮತ್ತೆ ಬೀಳುತ್ತದೆ, ಮುಂದಿನ ಎಲೆಕ್ಟ್ರಾನಿಗೆ ಮತ್ತೊಮ್ಮೆ. ಹೀಗೆ ಬರುವ ಒಂದೊಂದು ಶಿಖರವೂ ಒಂದೊಂದು ಎಲೆಕ್ಟ್ರಾನಿನ ಲೆಕ್ಕ. 1996ರಲ್ಲಿ ಜಪಾನ್ ಮತ್ತು ನೆದರ್‌ಲ್ಯಾಂಡ್ಸಿನ ಸಂಶೋಧಕರು ತಟ್ಟೆಯಂತೆ ದುಂಡಗಿರುವ ಚುಕ್ಕೆಯೊಂದರಲ್ಲಿ ಹೀಗೆ ಎಣಿಸುತ್ತ ಹೋದಾಗ, 2, 6 ಮತ್ತು 12 ಎಲೆಕ್ಟ್ರಾನುಗಳು ತುಂಬಿದ ಮೇಲೆ ಮುಂದಿನದನ್ನು ಸೇರಿಸಲು ಹೆಚ್ಚು ಶಕ್ತಿ ಬೇಕಾಯಿತು. ಪರಮಾಣುಗಳ ಕವಚ ತುಂಬುವುದು ಇದೇ ರೀತಿಯಲ್ಲಿ. ಹಾಗಾಗಿಯೇ ಕ್ವಾಂಟಮ್ ಚುಕ್ಕೆಗೆ ಕೃತಕ ಪರಮಾಣು ಎಂಬ ಇನ್ನೊಂದು ಹೆಸರಿದೆ.

ಎರಡು ಷರತ್ತುಗಳಿವೆ. ಒಂದು ಉಷ್ಣತೆಯದು. ನಮ್ಮ ಕೋಣೆಯಲ್ಲಿ ಶಾಖದ ಕುಲುಕಾಟ ಸುಮಾರು 26 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಅದರ ಮುಂದೆ 1.6ರ ತಡೆ ಲೆಕ್ಕಕ್ಕೇ ಇಲ್ಲ. ದ್ರವ ಹೀಲಿಯಂನಲ್ಲಿ, ಅಂದರೆ 4.2 ಕೆಲ್ವಿನ್‌ನಲ್ಲಿ, ಕುಲುಕಾಟ 0.36ಕ್ಕೆ ಇಳಿದು ತಡೆ ಕಾಣತೊಡಗುತ್ತದೆ, ಇನ್ನೂ ತಂಪಾದರೆ ಸ್ಪಷ್ಟವಾಗುತ್ತದೆ. ಚುಕ್ಕೆಯನ್ನು ಕೆಲವೇ ನ್ಯಾನೊಮೀಟರಿಗೆ ಕುಗ್ಗಿಸಿದರೆ ಕೋಣೆಯ ಉಷ್ಣತೆಯಲ್ಲೂ ಕಾಣಬಹುದು.

ಎರಡನೆಯ ಷರತ್ತು ಗೋಡೆಯದು, ಇದು ಹೆಚ್ಚು ಆಳವಾದದ್ದು. ಚುಕ್ಕೆಯೊಳಗೆ ಎಲೆಕ್ಟ್ರಾನುಗಳ ಸಂಖ್ಯೆ ಪೂರ್ಣಾಂಕವಾಗಿರಬೇಕಾದರೆ ಒಂದು ಎಲೆಕ್ಟ್ರಾನ್ ಅಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು. ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು, ನಿಮಗೆ ಚೆನ್ನಾಗಿ ಗೊತ್ತಿರುವಂತೆ, ಗೋಡೆಯ ರೋಧವನ್ನು ಧಾರಕತೆಯಿಂದ ಗುಣಿಸಿದಷ್ಟು. ಬೇಕಾದ ಶಕ್ತಿ ಆವೇಶದ ವರ್ಗವನ್ನು ಧಾರಕತೆಯಿಂದ ಭಾಗಿಸಿದಷ್ಟು. ಕಾಲ ಮತ್ತು ಶಕ್ತಿಗಳ ಗುಣಲಬ್ಧ ಪ್ಲಾಂಕ್ ಸ್ಥಿರಾಂಕಕ್ಕಿಂತ ಹೆಚ್ಚಿದ್ದರೆ ಮಾತ್ರ ಆ ಶಕ್ತಿಯ ವ್ಯತ್ಯಾಸಕ್ಕೆ ಅರ್ಥವಿದೆ. ಎರಡನ್ನೂ ಗುಣಿಸಿ ನೋಡಿ: ಧಾರಕತೆ ಹೊಡೆದುಹೋಗಿ, ರೋಧವು ಪ್ಲಾಂಕ್ ಸ್ಥಿರಾಂಕವನ್ನು ಆವೇಶದ ವರ್ಗದಿಂದ ಭಾಗಿಸಿದ್ದಕ್ಕಿಂತ ಹೆಚ್ಚಿರಬೇಕು, ಅಂದರೆ ಸುಮಾರು 25,813 ಓಮಿಗಿಂತ ಹೆಚ್ಚಿರಬೇಕು ಎಂದಷ್ಟೇ ಉಳಿಯುತ್ತದೆ. ಮಂಡ್ಯದ ವಿದ್ಯಾರ್ಥಿನಿಗೆ ಹೇಳಿದ 12,906ರ ಎರಡರಷ್ಟು ಇದು, ಆಕಸ್ಮಿಕವೇನೂ ಅಲ್ಲ. ಗೋಡೆಯ ರೋಧ ಇದಕ್ಕಿಂತ ಬಹಳ ಹೆಚ್ಚಿದ್ದರೆ ಒಳಗಿನ ಎಲೆಕ್ಟ್ರಾನುಗಳನ್ನು ಒಂದು, ಎರಡು, ಮೂರು ಎಂದು ಎಣಿಸಬಹುದು. ಕಡಿಮೆಯಾದರೆ ಎಲೆಕ್ಟ್ರಾನ್ ಒಳಗೂ ಹೊರಗೂ ಹರಡಿಕೊಂಡು, ಎಣಿಕೆ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ.

ನಡುವಿನ ಸ್ಥಿತಿಯೂ ಒಂದಿದೆ, ಅದು ಇನ್ನೂ ವಿಚಿತ್ರ. ಗೋಡೆಯನ್ನು ಸ್ವಲ್ಪ ಸಡಿಲ ಬಿಟ್ಟು, ಚುಕ್ಕೆಯಲ್ಲಿ ಬೆಸ ಸಂಖ್ಯೆಯ ಎಲೆಕ್ಟ್ರಾನುಗಳಿರುವಾಗ ಬಹಳ ತಂಪು ಮಾಡಿದರೆ, ಒಳಗೆ ಜೋಡಿಯಿಲ್ಲದೆ ಉಳಿದ ಎಲೆಕ್ಟ್ರಾನಿನ ಸ್ಪಿನ್ ಹೊರಗಿನ ಅಸಂಖ್ಯ ಎಲೆಕ್ಟ್ರಾನುಗಳ ಸ್ಪಿನ್‌ಗಳೊಂದಿಗೆ ಬೆಸೆದುಕೊಳ್ಳುತ್ತದೆ, ಮುಚ್ಚಿದ್ದ ದಾರಿ ತಾನಾಗಿ ತೆರೆಯುತ್ತದೆ. ಲೋಹಗಳಿಗೆ ಸಂಬಂಧಿಸಿ ಜಪಾನಿನ ಭೌತವಿಜ್ಞಾನಿ ಜುನ್ ಕೊಂಡೊ 1964ರಲ್ಲಿ ವಿವರಿಸಿದ ಪರಿಣಾಮವಿದು. 1998ರಲ್ಲಿ ಇದನ್ನು ಒಂದೇ ಚುಕ್ಕೆಯಲ್ಲಿ ಕಂಡರು.

ಪ್ರಶ್ನೆ: ಹೊಸ ಟಿ.ವಿ. ಕೊಳ್ಳಲು ಹೋದಾಗ ಅಂಗಡಿಯವರು ಇದರಲ್ಲಿ ಕ್ವಾಂಟಮ್ ಡಾಟ್ ಇದೆ ಎಂದರು. ನೀವು ಬರೆಯುತ್ತಿರುವುದು ಇದರ ವಿಷಯವೇ?
– ಗೃಹಿಣಿ, ನಂಜನಗೂಡು

ಉತ್ತರ: ವಂಶ ಒಂದೇ, ಕೆಲಸ ಬೇರೆ. ಟಿ.ವಿ.ಯಲ್ಲಿರುವವು ಕೆಲವೇ ನ್ಯಾನೊಮೀಟರ್ ಗಾತ್ರದ ಬಿಡಿ ಹರಳುಗಳು. ಹಿಂದಿನಿಂದ ಬರುವ ನೀಲಿ ಬೆಳಕನ್ನು ಹೀರಿ ಹಸಿರು ಅಥವಾ ಕೆಂಪು ಬೆಳಕನ್ನು ಹೊರಬಿಡುತ್ತವೆ. ಹರಳು ಚಿಕ್ಕದಾದಷ್ಟೂ ಬಣ್ಣ ನೀಲಿಯ ಕಡೆಗೆ, ದೊಡ್ಡದಾದಷ್ಟೂ ಕೆಂಪಿನ ಕಡೆಗೆ ವಾಲುತ್ತದೆ. ಇಂಥ ಹರಳುಗಳ ಶೋಧನೆ ಮತ್ತು ತಯಾರಿಕೆಗಾಗಿ ಎಕಿಮೊವ್, ಬ್ರೂಸ್ ಮತ್ತು ಬವೆಂಡಿ ಅವರಿಗೆ 2023ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಅಂಗಡಿಗಳಲ್ಲಿ ಹೀಗೆ ಮಾರುವ ಟಿ.ವಿ.ಗಳಲ್ಲಿ ಆ ಹರಳುಗಳ ಮೂಲಕ ವಿದ್ಯುತ್ ಹರಿಯುವುದಿಲ್ಲ, ಬೆಳಕು ಮಾತ್ರ ಹಾಯುತ್ತದೆ. ನಾನು ಬರೆಯುತ್ತಿರುವುದು ವಿದ್ಯುತ್ ಹರಿಯುವ ಚುಕ್ಕೆಗಳ ಬಗ್ಗೆ.

ಪ್ರಶ್ನೆ: ಎರಡು ಕ್ವಾಂಟಮ್ ಚುಕ್ಕೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಅವುಗಳ ನಡುವೆ ‘ಕಪ್ಲಿಂಗ್’ ಆಗುತ್ತದೆ ಎನ್ನುತ್ತಾರೆ. ಹಾಗೆಂದರೆ ನಿಖರವಾಗಿ ಏನು? ಕನ್ನಡದಲ್ಲಿ ಇದಕ್ಕೆ ಯಾವ ಪದ ಬಳಸಬೇಕು?
– ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರು, ಕುವೆಂಪುನಗರ, ಮೈಸೂರು

ಉತ್ತರ: ಪದದ ಮಾತು ಮೊದಲು ಮುಗಿಸುತ್ತೇನೆ. ‘ಜೋಡಣೆ’ ಎಂದರೆ ಎರಡನ್ನು ಪಕ್ಕದಲ್ಲಿಟ್ಟಂತೆ ಮಾತ್ರ ಕೇಳಿಸುತ್ತದೆ. ಎರಡೂ ತಮ್ಮ ಸ್ವಭಾವವನ್ನು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಒಂದಾಗುವ ಭಾವ ‘ಬೆಸುಗೆ’ಯಲ್ಲಿದೆ. ಬೆಸುಗೆ ಗಟ್ಟಿಯೂ ಇರಬಹುದು, ಸಡಿಲವೂ ಇರಬಹುದು ಎಂಬ ಕಾರಣಕ್ಕೆ ನಾನು ಅದನ್ನೇ ಬಳಸುತ್ತೇನೆ.

ಚುಕ್ಕೆಗಳ ನಡುವೆ ಎರಡು ಬಗೆಯ ಬೆಸುಗೆಗಳಿವೆ, ಇವನ್ನು ಬೆರೆಸಬಾರದು. ಒಂದೇ ಗೋಡೆಯ ಎರಡು ಮನೆಗಳನ್ನು ನೆನೆಯಿರಿ. ಪಕ್ಕದ ಮನೆಗೆ ನೆಂಟರು ಬಂದರೆ ಮಾತಿನ ಸದ್ದಿನಿಂದ ನಮಗೆ ತಿಳಿಯುತ್ತದೆ, ಆದರೆ ಯಾರೂ ಆಚೆಯಿಂದ ಈಚೆಗೆ ಬರುವುದಿಲ್ಲ. ಒಂದು ಚುಕ್ಕೆಗೆ ಎಲೆಕ್ಟ್ರಾನ್ ಸೇರಿದಾಗ ಪಕ್ಕದ ಚುಕ್ಕೆಯಲ್ಲಿ ವಿಭವ (ಪೊಟೆನ್ಷಿಯಲ್) ಬದಲಾಗುವುದು ಹೀಗೆ. ಇದು ವಿಕರ್ಷಣೆಯ ಬೆಸುಗೆ. ಇನ್ನೊಂದು ಟನಲಿಂಗ್ ಬೆಸುಗೆ, ಇಲ್ಲಿ ಎಲೆಕ್ಟ್ರಾನೇ ಎರಡೂ ಮನೆಯದಾಗುತ್ತದೆ.

ಎರಡನೆಯದನ್ನು ತರಗತಿಯಲ್ಲಿ ತೋರಿಸಲು ಒಂದು ಪ್ರಯೋಗ ಹೇಳುತ್ತೇನೆ. ನಮ್ಮ ಹಿತ್ತಲಿನ ಬಟ್ಟೆ ಒಣಹಾಕುವ ಹಗ್ಗದಲ್ಲಿ ನಾನಿದನ್ನು ಎಷ್ಟೋ ಸಲ ಮಾಡಿದ್ದೇನೆ. ಹಗ್ಗ ಸ್ವಲ್ಪ ಜೋಲುವಂತೆ ಕಟ್ಟಿ, ಒಂದೇ ಗಾತ್ರದ ಎರಡು ಬೀಗಗಳನ್ನು ಒಂದೇ ಉದ್ದದ ದಾರಗಳಲ್ಲಿ, ಒಂದು ಗೇಣಿನಷ್ಟು ದೂರದಲ್ಲಿ ಇಳಿಬಿಡಿ. ಒಂದು ಬೀಗವನ್ನು ಹಗ್ಗಕ್ಕೆ ಅಡ್ಡಲಾಗಿ ಎಳೆದು ಬಿಡಿ. ಮೊದಲು ಅದೊಂದೇ ತೂಗುತ್ತದೆ. ನಿಧಾನವಾಗಿ ಎರಡನೆಯದು ಅಲುಗಾಡತೊಡಗುತ್ತದೆ, ಮೊದಲಿನದು ಸೋಲುತ್ತದೆ. ಒಂದು ಹೊತ್ತಿಗೆ ಮೊದಲಿನದು ಪೂರ್ತಿ ನಿಂತು ಎರಡನೆಯದೇ ತೂಗುತ್ತಿರುತ್ತದೆ. ಆಮೇಲೆ ಓಲಾಟ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಹಗ್ಗವನ್ನು ಬಿಗಿಯಾಗಿ ಕಟ್ಟಿದರೆ ಬೆಸುಗೆ ಸಡಿಲವಾಗಿ ಈ ಸಾಗಾಟಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಈಗ ಎರಡೂ ಬೀಗಗಳನ್ನು ಒಂದೇ ಬದಿಗೆ ಸಮನಾಗಿ ಎಳೆದು ಬಿಡಿ, ಆಮೇಲೆ ಒಂದನ್ನು ಈ ಬದಿಗೆ ಇನ್ನೊಂದನ್ನು ಆ ಬದಿಗೆ ಎಳೆದು ಬಿಡಿ. ಎರಡು ಸಲವೂ ಓಲಾಟ ಒಂದರಿಂದ ಇನ್ನೊಂದಕ್ಕೆ ಸಾಗುವುದೇ ಇಲ್ಲ, ಆದರೆ ನಿಮಿಷಕ್ಕೆ ಎಷ್ಟು ಓಲಾಟವೆಂದು ಎಣಿಸಿದರೆ ಎರಡು ಲೆಕ್ಕಗಳೂ ಒಂದೇ ಆಗಿರುವುದಿಲ್ಲ. ಒಂದೇ ಆಗಿದ್ದ ಎರಡು ಆವೃತ್ತಿಗಳು ಬೆಸುಗೆಯಿಂದ ಸೀಳಿಕೊಂಡವು.

ಚುಕ್ಕೆಗಳಲ್ಲಿ ಆಗುವುದೂ ಇದೇ. ಎರಡು ಚುಕ್ಕೆಗಳ ಶಕ್ತಿಮಟ್ಟಗಳು ಸರಿಸಮವಾಗಿದ್ದಾಗ, ನಡುವಿನ ಗೋಡೆಯನ್ನು ತೆಳುಗೊಳಿಸಿದರೆ ಒಂದು ಮಟ್ಟ ಕೆಳಗೂ ಇನ್ನೊಂದು ಮೇಲಕ್ಕೂ ಸರಿಯುತ್ತದೆ. ಕೆಳಗಿನದು ಎರಡೂ ಕಡೆ ಸಮನಾಗಿ ಹರಡಿದ ಎಲೆಕ್ಟ್ರಾನಿನ ಸ್ಥಿತಿ. ಹೈಡ್ರೋಜನ್ ಅಣುವಿನ ಸಹವೇಲೆನ್ಸಿ ಬಂಧದಲ್ಲಿ ನಾವು ಕಲಿಸುವುದು ಇದನ್ನೇ. ಮಟ್ಟಗಳ ಅಂತರ 20 ಮೈಕ್ರೊ ಎಲೆಕ್ಟ್ರಾನ್‌ವೋಲ್ಟ್ ಎಂದಿಟ್ಟುಕೊಂಡರೆ, ಅದಕ್ಕೆ ಹೊಂದುವ ಆವೃತ್ತಿ ಸುಮಾರು 4.8 ಗಿಗಾಹರ್ಟ್ಸ್. ಮನೆಯ ವೈಫೈ ಬಳಸುವ ಅಲೆಗಳ ಹತ್ತಿರದ ಆವೃತ್ತಿ ಅದು. ಅಂಥ ಮೈಕ್ರೊತರಂಗಗಳನ್ನು ಹಾಯಿಸಿ ಈ ಅಂತರವನ್ನು ನೇರವಾಗಿ ಅಳೆಯುವ ಕೆಲಸ ಡೆಲ್ಫ್ಟ್‌ನಲ್ಲಿ ನಡೆದು 1998ರಲ್ಲಿ ಪ್ರಕಟವಾಯಿತು. ನಿಜವಾದ ಅಣುವಿನಲ್ಲಿ ಬಂಧದ ಬಲ ಪ್ರಕೃತಿ ಕೊಟ್ಟಷ್ಟು. ಎರಡು ಚುಕ್ಕೆಗಳು ಬೆಸೆದ ಈ ಕೃತಕ ಅಣುವಿನಲ್ಲಿ ಅದನ್ನು ಒಂದು ಪಟ್ಟಿಯ ವೋಲ್ಟೇಜಿನಿಂದ ನಮಗೆ ಬೇಕಾದಷ್ಟು ಮಾಡಿಕೊಳ್ಳಬಹುದು. ಈ ಕ್ಷೇತ್ರದ ಮೇಲಿನ ನನ್ನ ಪ್ರೀತಿಗೆ ದೊಡ್ಡ ಕಾರಣ ಇದೇ.

ಬೆಸುಗೆ ಎಷ್ಟಿದೆ ಎಂಬುದನ್ನು ಕಣ್ಣಿಗೆ ಕಾಣಿಸುವ ನಕ್ಷೆಯೂ ಇದೆ. ಎರಡು ಚುಕ್ಕೆಗಳ ಎರಡು ವೋಲ್ಟೇಜುಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟು, ಎಲೆಕ್ಟ್ರಾನುಗಳ ಸಂಖ್ಯೆ ಬದಲಾಗುವ ಕಡೆ ಗೆರೆ ಎಳೆಯಿರಿ. ಬೆಸುಗೆಯೇ ಇಲ್ಲದಿದ್ದರೆ ಗೆರೆಗಳು ಚೌಕಾಬಾರದ ಮನೆಗಳಂತೆ ಬರುತ್ತವೆ. ವಿಕರ್ಷಣೆಯ ಬೆಸುಗೆ ಸೇರಿದರೆ ಪ್ರತಿ ಚೌಕದ ಎರಡು ಮೂಲೆಗಳು ಕತ್ತರಿಸಿ ಜೇನುಹುಟ್ಟಿನ ಆರು ಮೂಲೆಯ ಕೋಣೆಗಳಾಗುತ್ತವೆ. ಟನಲಿಂಗ್ ಹೆಚ್ಚಿದಂತೆ ಮೂಲೆಗಳು ದುಂಡಗಾಗಿ, ಕೊನೆಗೆ ಕೋಣೆಗಳು ಮಾಯವಾಗಿ ಓರೆಯಾದ ಗೆರೆಗಳಷ್ಟೇ ಉಳಿಯುತ್ತವೆ. ಅಷ್ಟು ಹೊತ್ತಿಗೆ ಎರಡು ಚುಕ್ಕೆಗಳು ಒಂದೇ ದೊಡ್ಡ ಚುಕ್ಕೆಯಾಗಿರುತ್ತವೆ.

ಪ್ರತಿ ಚುಕ್ಕೆಯಲ್ಲೂ ಒಂದೊಂದು ಎಲೆಕ್ಟ್ರಾನ್ ಇಟ್ಟು, ಗೋಡೆಯನ್ನು ಕ್ಷಣಕಾಲ ತೆಳುಗೊಳಿಸಿ ಮತ್ತೆ ದಪ್ಪಗೊಳಿಸಿದರೆ, ಅವುಗಳ ಸ್ಪಿನ್‌ಗಳು ಸ್ಥಾನ ಬದಲಿಸಿಕೊಳ್ಳುತ್ತವೆ. ಇದನ್ನೇ ಕ್ವಾಂಟಮ್ ಗಣಕದ (ಕಂಪ್ಯೂಟರಿನ) ಹೆಜ್ಜೆಯಾಗಿ ಬಳಸಬಹುದೆಂದು ಲಾಸ್ ಮತ್ತು ಡಿವಿನ್ಸೆಂಜೊ ಎಂಬ ಭೌತವಿಜ್ಞಾನಿಗಳು 1998ರಲ್ಲಿ ಸೂಚಿಸಿದರು. 2005ರಲ್ಲಿ ಹಾರ್ವರ್ಡ್‌ನ ತಂಡವೊಂದು ಆ ಹೆಜ್ಜೆಯನ್ನು ಒಂದು ನ್ಯಾನೊಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಮಾಡಿ ತೋರಿಸಿತು. ಗ್ಯಾಲಿಯಂ ಮತ್ತು ಆರ್ಸೆನಿಕ್‌ನ ನ್ಯೂಕ್ಲಿಯಸ್‌ಗಳಿಗೂ ಸ್ಪಿನ್ ಇರುವುದರಿಂದ ಅವು ಎಲೆಕ್ಟ್ರಾನಿನ ಸ್ಪಿನ್ನನ್ನು ಬೇಗ ಕದಡಿಬಿಡುತ್ತವೆ. ನ್ಯೂಕ್ಲಿಯಸ್‌ಗೆ ಸ್ಪಿನ್ ಇಲ್ಲದ ಸಿಲಿಕಾನ್–28ರ ಕಡೆಗೆ ಬಹಳ ಸಂಶೋಧಕರು ಹೊರಳಿದ್ದು ಇದರಿಂದಾಗಿ. ಭಾರತದಲ್ಲಿ 2023ರ ಏಪ್ರಿಲ್‌ನಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಗಣನೆಯ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆಸಕ್ತಿಯಿರುವ ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಿ.

ಪ್ರಶ್ನೆ: ಒಂದೇ ಎಲೆಕ್ಟ್ರಾನ್ ಬಂತು, ಹೋಯಿತು ಎಂದು ಹೇಳುತ್ತೀರಿ. ಅದನ್ನು ನೋಡಿದವರು ಯಾರು? ಯಾವುದರಿಂದ ನೋಡಿದರು?
– ಎಂ.ಎಸ್‌ಸಿ. ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಮೊದಲ ಉತ್ತರದ ತೂಬು ಇಲ್ಲಿ ಸಾಕ್ಷಿಯಾಗಿ ಬರುತ್ತದೆ. ಚುಕ್ಕೆಯ ಪಕ್ಕದಲ್ಲಿ, ಎಲೆಕ್ಟ್ರಾನ್ ದಾಟಲಾಗದಷ್ಟು ದಪ್ಪ ಗೋಡೆಯ ಆಚೆಗೆ, ಇನ್ನೊಂದು ತೂಬನ್ನು ಕಟ್ಟಿ, ಅದನ್ನು ಎರಡು ಮೆಟ್ಟಿಲುಗಳ ನಡುವಿನ ಕಡಿದಾದ ಏರಿನಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ವಿಭವ ಎಳ್ಳಷ್ಟು ಬದಲಾದರೂ ಹರಿವು ಗಣನೀಯವಾಗಿ ಬದಲಾಗುತ್ತದೆ. ಚುಕ್ಕೆಗೆ ಒಂದು ಎಲೆಕ್ಟ್ರಾನ್ ಸೇರಿದಾಗ ಅದರ ವಿಕರ್ಷಣೆಯಿಂದ ತೂಬು ಕೂದಲೆಳೆಯಷ್ಟು ಕಿರಿದಾಗಿ, ತೂಬಿನ ಹರಿವು ಶೇಕಡ ಒಂದರ ಆಸುಪಾಸಿನಲ್ಲಿ ತಟ್ಟನೆ ಇಳಿಯುತ್ತದೆ. ಎಲೆಕ್ಟ್ರಾನ್ ಹೊರಟುಹೋದರೆ ಮತ್ತೆ ಏರುತ್ತದೆ. ಈ ವಿಧಾನವನ್ನು ಕೇಂಬ್ರಿಜ್‌ನವರು 1993ರಲ್ಲಿ ತೋರಿಸಿದರು. ಚುಕ್ಕೆಯ ಗೋಡೆಗಳನ್ನು ಸಾಕಷ್ಟು ದಪ್ಪ ಮಾಡಿ ಎಲೆಕ್ಟ್ರಾನ್ ಮಿಲಿಸೆಕೆಂಡುಗಳ ಕಾಲ ನಿಲ್ಲುವಂತೆ ಮಾಡಿದರೆ, ಪರದೆಯ ಮೇಲೆ ಮೇಲೊಂದು ಕೆಳಗೊಂದು ಎಂದು ಎರಡೇ ಮಟ್ಟಗಳ ನಡುವೆ ಜಿಗಿಯುವ ಗೆರೆ ಮೂಡುತ್ತದೆ. ಕೆಳಗಿದ್ದಷ್ಟು ಹೊತ್ತು ಎಲೆಕ್ಟ್ರಾನ್ ಒಳಗಿದೆ. 2004ರಲ್ಲಿ ಡೆಲ್ಫ್ಟ್‌ನವರು, ಒಂದು ಸ್ಪಿನ್ನಿನ ಎಲೆಕ್ಟ್ರಾನ್ ಮಾತ್ರ ಹೊರಗೆ ಹೋಗುವಂತೆ ಶಕ್ತಿಮಟ್ಟಗಳನ್ನು ಹೊಂದಿಸಿ, ಇದೇ ಜಿಗಿತದಿಂದ ಒಂದೇ ಎಲೆಕ್ಟ್ರಾನಿನ ಸ್ಪಿನ್ನನ್ನು ಒಂದೇ ಸಲಕ್ಕೆ ಓದಿದರು.

ಸಾಕ್ಷಿಯನ್ನು ಎಷ್ಟು ಹತ್ತಿರ ನಿಲ್ಲಿಸಬಹುದು ಎಂದು ನೀವು ಪ್ರಯೋಗಾಲಯಕ್ಕೆ ಹೋದ ಮೊದಲ ವಾರದಲ್ಲಿಯೇ ಕೇಳಿಕೊಳ್ಳಬೇಕಾಗುತ್ತದೆ. ದೂರವಿದ್ದರೆ ಜಿಗಿತ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಹತ್ತಿರ ತಂದು ಹರಿವನ್ನು ಹೆಚ್ಚಿಸಿದರೆ, ತೂಬಿನಲ್ಲಿ ಓಡುವ ಎಲೆಕ್ಟ್ರಾನುಗಳ ಏರಿಳಿತವೇ ಚುಕ್ಕೆಯೊಳಗಿನ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ನೂಕಿ ಹೊರಗೆ ಹಾಕಿಬಿಡಬಹುದು. ಎರಡು ಚುಕ್ಕೆಗಳಲ್ಲಿ ಹರಡಿಕೊಂಡಿದ್ದ ಎಲೆಕ್ಟ್ರಾನಾದರೆ ಅದು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ತೂಬು ಬೇರೆ ಮಾಡಿ ತಿಳಿದ ಕೂಡಲೇ ಆ ಹರಡುವಿಕೆ ಅಳಿಸಿಹೋಗುತ್ತದೆ. ಆದ್ದರಿಂದ ಪ್ರಯೋಗ ಮಾಡುವವರು ಗಣನೆ ನಡೆಯುವಷ್ಟು ಹೊತ್ತು ತೂಬಿನ ಹರಿವನ್ನು ನಿಲ್ಲಿಸಿ, ಓದಬೇಕಾದ ಕ್ಷಣದಲ್ಲಿ ಮಾತ್ರ ತೆರೆಯುತ್ತಾರೆ.